ಒಗೆದ ಬಟ್ಟೆಯಲ್ಲಿ ಸೋಪು ಉಳಿಯುತ್ತಿದೆ: ದೋಷ ಮೆಷಿನ್‌ನದೇ, ನೀರಿನದೇ, ಪುಡಿಯದೇ?

ಹೊಂಗೆನೆರಳು (ಮಹದೇವಪುರ, ಬೆಂಗಳೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 7 ಕೆಜಿಯ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್. ಆರು ವರ್ಷ ಯಾವ ತೊಂದರೆಯೂ ಇಲ್ಲದೆ ನಡೆದ ಈ ಮೆಷಿನ್‌ನಲ್ಲಿ ಒಗೆದ ಬಟ್ಟೆಗಳಲ್ಲಿ ಎರಡು ತಿಂಗಳಿನಿಂದ ಸೋಪು ಉಳಿಯುತ್ತಿದೆ. ಮೊದಮೊದಲು ಇದು ನನ್ನ ಭ್ರಮೆ ಇರಬಹುದೆಂದುಕೊಂಡಿದ್ದೆ. ಕಳೆದ ಭಾನುವಾರ ಆಗತಾನೇ ಹೊರತೆಗೆದ ಒಂದು ಟವೆಲನ್ನು ಅರ್ಧ ಬಕೆಟ್ ನೀರಿನಲ್ಲಿ ಅದ್ದಿ ನಾಲ್ಕು ಸಲ ಹಿಸುಕಿ ನೋಡಿದೆ. ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು, ಮೇಲೆ ಎರಡು ಬೆರಳು ದಪ್ಪ ನೊರೆ ಕಟ್ಟಿತು. ಅದೇ ಟವೆಲನ್ನು ಮೂರು ಬಕೆಟ್ ನೀರಿನಲ್ಲಿ ಜಾಲಿಸಿದ ಮೇಲೂ ಹಿಂಡುವಾಗ ಕೈ ಜಾರುತ್ತಿತ್ತು.

ನನ್ನ ಆತಂಕಕ್ಕೆ ಕಾರಣ ಮಗಳು. ಅವಳ ಕುತ್ತಿಗೆಯಲ್ಲಿ, ಯೂನಿಫಾರ್ಮಿನ ಕಾಲರ್ ತಾಗುವ ಕಡೆಯೆಲ್ಲ ನವೆಯೆದ್ದು ಕೆಂಪಾಗಿದೆ. ವೈದ್ಯರು ಮುಲಾಮು ಕೊಟ್ಟು, ಬಟ್ಟೆಯಲ್ಲಿ ಸೋಪಿನ ಅಂಶ ಉಳಿಯದಂತೆ ನೋಡಿಕೊಳ್ಳಿ ಎಂದು ಹೇಳಿದ್ದಾರೆ. ಹಾಗಾಗಿ ಈಗ ಅವಳ ಬಟ್ಟೆಯನ್ನೂ ಅತ್ತೆಯವರ ಕಾಟನ್ ಸೀರೆಗಳನ್ನೂ ಮೆಷಿನ್‌ನಿಂದ ತೆಗೆದು ಮತ್ತೆ ಕೈಯಲ್ಲಿ ಜಾಲಿಸುತ್ತಿದ್ದೇನೆ.

ನಾನು ಗಮನಿಸಿದ ಇನ್ನೆರಡು ವಿಷಯಗಳಿವೆ. ಒಂದು, ಬಟ್ಟೆ ಮೊದಲಿನಷ್ಟು ಹಿಂಡಿ ಬರುತ್ತಿಲ್ಲ, ಜೀನ್ಸ್ ಪ್ಯಾಂಟಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ. ಇನ್ನೊಂದು, ಕೊನೆಗೆ 12 ನಿಮಿಷ ಎಂದು ತೋರಿಸುವಾಗ ಸಮಯ ಅಲ್ಲಿಯೇ ನಿಂತುಬಿಡುತ್ತದೆ. ಡ್ರಮ್ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು ಮಾಡುತ್ತ ಅರ್ಧ ಗಂಟೆ ಕಳೆಯುತ್ತದೆ. ರಿಪೇರಿಗೆ ಬಂದವರು ಹತ್ತು ನಿಮಿಷ ನೋಡಿ, ಬೋರ್ಡ್ ಹೋಗಿದೆ, ಬದಲಿಸಲು 7,500 ರೂಪಾಯಿ ಆಗುತ್ತದೆ ಎಂದರು. ಎರಡು ದಿನ ಯೋಚಿಸಿ ತಿಳಿಸುತ್ತೇನೆಂದು ಹೇಳಿ ಕಳುಹಿಸಿದ್ದೇನೆ.

ಪುಡಿಯನ್ನು ಬದಲಿಸಿಲ್ಲ. ಪೊಟ್ಟಣದ ಮೇಲೆ ಫ್ರಂಟ್ ಲೋಡ್ ಎಂದೇ ಬರೆದಿರುವ ಪುಡಿಯನ್ನು, ಮೊದಲಿನಿಂದಲೂ ಹಾಕುವಂತೆ, ಎರಡೂವರೆ ಅಳತೆ ಹಾಕುತ್ತೇನೆ. ನೀರಿನ ದೋಷವೂ ಇರಲಾರದು, ಏಕೆಂದರೆ ನೀರು ಮೊದಲಿಗಿಂತ ಸುಧಾರಿಸಿದೆ. ಇಷ್ಟು ವರ್ಷ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನೇ ನಂಬಿಕೊಂಡಿದ್ದ ನಮ್ಮ ಅಪಾರ್ಟ್‌ಮೆಂಟಿಗೆ ಈ ಸಂಕ್ರಾಂತಿಯ ಹೊತ್ತಿಗೆ ಕಾವೇರಿ ಐದನೇ ಹಂತದ ಸಂಪರ್ಕ ಸಿಕ್ಕಿತು. ಈಗ ಬೇಳೆ ಕೂಡ ಎರಡು ಸೀಟಿಗೇ ಬೇಯುತ್ತದೆ. ಬೋರ್ಡ್ ಬದಲಿಸುವ ಮೊದಲು ನಾನು ನೋಡಬೇಕಾದದ್ದು ಏನಾದರೂ ಇದ್ದರೆ ದಯವಿಟ್ಟು ತಿಳಿಸಿ.

ನೇತ್ರಾವತಿ ತೀರ (ಮಂಗಳೂರು):

ನಮ್ಮ ಮನೆಯಲ್ಲಿಯೂ ಒಮ್ಮೆ ಹೀಗಾಗಿತ್ತು. ನೀವು ಯಾವ ಪ್ರೋಗ್ರಾಂ ಬಳಸುತ್ತೀರಿ ಎಂದು ಬರೆದಿಲ್ಲ. 15 ಅಥವಾ 30 ನಿಮಿಷದ ಕ್ವಿಕ್ ವಾಶ್ ಆಗಿದ್ದರೆ ಅದರಲ್ಲಿ ಜಾಲಿಸುವುದೇ ಕಡಿಮೆ. ಒಂದೆರಡು ಸಲ ತೊಟ್ಟ ಬಟ್ಟೆಗಷ್ಟೇ ಅದು ಸರಿ. ಡ್ರಮ್ಮಿಗೆ ಬಟ್ಟೆ ತುಂಬಿದ ಮೇಲೆ ಮೇಲ್ಗಡೆ ಒಂದು ಅಂಗೈ ಅಡ್ಡವಾಗಿ ಹಿಡಿಸುವಷ್ಟು ಜಾಗ ಉಳಿದಿರಬೇಕು. ಹಾಗೆಯೇ ಎಕ್ಸ್‌ಟ್ರಾ ರಿನ್ಸ್ ಗುಂಡಿಯನ್ನು ಒತ್ತಿ ನೋಡಿ.

ಹೊಂಗೆನೆರಳು:

ಉತ್ತರಿಸಿದ್ದಕ್ಕೆ ಧನ್ಯವಾದಗಳು ಅಕ್ಕ. ನಾನು ಯಾವಾಗಲೂ ಕಾಟನ್ ಪ್ರೋಗ್ರಾಂನಲ್ಲಿಯೇ, 40 ಡಿಗ್ರಿಯಲ್ಲಿ ಒಗೆಯುವುದು. ಅದು ಎರಡು ಸಲ ಜಾಲಿಸುತ್ತದೆ. ಎಕ್ಸ್‌ಟ್ರಾ ರಿನ್ಸ್ ಒತ್ತಿದರೆ ಮೂರು ಸಲ ಆಗುತ್ತದೆ. ಮೂರು ವಾರಗಳಿಂದ ಹಾಗೆಯೇ ಮಾಡುತ್ತಿದ್ದೇನೆ, ಸ್ವಲ್ಪ ವ್ಯತ್ಯಾಸ ಕಂಡಿತೇ ಹೊರತು ನೊರೆ ಹೋಗಲಿಲ್ಲ.

ಸ್ಪ್ಯಾನರ್ ಪೆಟ್ಟಿಗೆ (ಮೈಸೂರು):

ಮೇಡಂ, ನಾನು 18 ವರ್ಷಗಳಿಂದ ಇದೇ ರಿಪೇರಿ ಕೆಲಸ ಮಾಡುತ್ತಿದ್ದೇನೆ. ದಯವಿಟ್ಟು ಬೋರ್ಡ್ ಬದಲಿಸಲು ಈಗಲೇ ಒಪ್ಪಬೇಡಿ. ಬೋರ್ಡ್ ಹೋದ ಮೆಷಿನ್ ಸಾಮಾನ್ಯವಾಗಿ ಶುರುವೇ ಆಗುವುದಿಲ್ಲ, ಇಲ್ಲವೇ ನಡುವೆ ನಿಂತು ದೋಷದ ಸಂಕೇತ ತೋರಿಸುತ್ತದೆ. ನಿಮ್ಮದು ಪ್ರೋಗ್ರಾಂ ಪೂರ್ತಿ ಮುಗಿಸುತ್ತಿದೆ. 12 ನಿಮಿಷದಲ್ಲಿ ಸಮಯ ನಿಲ್ಲುವುದು, ಡ್ರಮ್ ತಿರುಗಿ ನಿಂತು ಮತ್ತೆ ತಿರುಗುವುದು, ಬಟ್ಟೆ ಹಿಂಡಿ ಬಾರದಿರುವುದು, ಇವು ಮೂರೂ ಒಂದೇ ಕಾರಣದ ಲಕ್ಷಣಗಳು. ಡ್ರಮ್ಮಿನ ಸುತ್ತ, ಹೊರತೊಟ್ಟಿಯ ಒಳಗೆ ನೊರೆ ತುಂಬಿಕೊಂಡಿದೆ. ನೀರನ್ನು ಹೊರಹಾಕುವ ಪಂಪು ನೀರನ್ನು ಎಳೆಯುವಂತೆ ನೊರೆಯನ್ನು ಎಳೆಯಲಾರದು. ಡ್ರಮ್ ವೇಗವಾಗಿ ತಿರುಗಲು ಹೋದಾಗ ನೊರೆ ಅದನ್ನು ತಡೆಯುತ್ತದೆ, ಆಗ ಮೆಷಿನ್ ವೇಗ ಇಳಿಸಿ, ನೊರೆ ಇಳಿಯಲೆಂದು ಕಾದು, ಮತ್ತೆ ಪ್ರಯತ್ನಿಸುತ್ತದೆ. ಅದು ಕೆಟ್ಟಿದ್ದರ ಗುರುತಲ್ಲ, ಅದನ್ನು ಹಾಗೆಯೇ ಮಾಡಿರುತ್ತಾರೆ.

ನೊರೆ ಏಕೆ ಹೆಚ್ಚಾಯಿತು ಎಂಬುದನ್ನು ಆಮೇಲೆ ನೋಡೋಣ. ಅದಕ್ಕಿಂತ ಮೊದಲು ನೀವೇ ಬಿಚ್ಚಿ ನೋಡಬಹುದಾದ ನಾಲ್ಕು ಜಾಗಗಳಿವೆ. ಪುಡಿ ಹಾಕುವ ಡ್ರಾಯರಿನ ನಡುವಿನ ನಾಲಗೆಯನ್ನು ಒತ್ತಿ ಎಳೆದರೆ ಅದು ಪೂರ್ತಿ ಹೊರಬರುತ್ತದೆ. ಅದರ ತಳದಲ್ಲಿ ಪುಡಿ ಹೆಪ್ಪುಗಟ್ಟಿ ಕೂತಿದ್ದರೆ, ಒಗೆಯುವ ಹೊತ್ತಿನಲ್ಲಿ ಕರಗದೆ ಉಳಿದ ಆ ಗಟ್ಟಿ ಪುಡಿ ಜಾಲಿಸುವ ನೀರಿನ ಜೊತೆ ಸ್ವಲ್ಪ ಸ್ವಲ್ಪವಾಗಿ ಇಳಿದು ಕೊನೆಯವರೆಗೂ ಸೋಪು ಸೇರಿಸುತ್ತಲೇ ಇರುತ್ತದೆ. ಡ್ರಾಯರ್ ಕೂರುವ ಗೂಡಿನ ಮೇಲ್ಭಾಗವನ್ನು ಟಾರ್ಚ್ ಹಿಡಿದು ನೋಡಿ; ನೀರು ಸುರಿಯುವ ಸಣ್ಣ ತೂತುಗಳು ಅಲ್ಲಿರುತ್ತವೆ, ಪಾಚಿಯೂ ಸುಣ್ಣದ ಪದರವೂ ಕಟ್ಟಿರುವುದು ಅಲ್ಲಿಯೇ. ಹಳೆಯ ಹಲ್ಲುಜ್ಜುವ ಬ್ರಶ್ ಸಾಕು.

ಎರಡನೆಯದು, ಮೆಷಿನ್‌ನ ಹಿಂದೆ ನೀರಿನ ಪೈಪು ಸೇರುವ ಬಾಯಿ. ನಲ್ಲಿಯನ್ನು ಮುಚ್ಚಿ, ಪೈಪನ್ನು ಬಿಚ್ಚಿದರೆ ಒಳಗೆ ಬೆರಳ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಜಾಲರಿ ಕಾಣುತ್ತದೆ. ನಡುವೆ ಹಿಡಿಯಲು ಸಣ್ಣ ಕಡ್ಡಿ ಇರುತ್ತದೆ, ಇಕ್ಕಳದಿಂದ ಮೆಲ್ಲಗೆ ಎಳೆಯಿರಿ. ಹೊಸ ಕೊಳವೆಯಲ್ಲಿ ನೀರು ಬಿಡಲು ಶುರುಮಾಡಿದ ತಿಂಗಳುಗಳಲ್ಲಿ ಸಂಪಿನ ತಳದ ಕೆಸರು, ಮರಳು, ಕೊಳವೆಯ ಚೂರುಗಳು ಬಂದು ಈ ಜಾಲರಿಯಲ್ಲಿ ಕೂರುವುದನ್ನು ನಾನು ಬಹಳ ನೋಡಿದ್ದೇನೆ. ಪೈಪ್ ಬಿಚ್ಚಿರುವಾಗಲೇ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಒಂದು ನಿಮಿಷ ನೀರು ಬಿಟ್ಟು ಅಳೆಯಿರಿ. ಏಳೆಂಟು ಲೀಟರ್ ಬಂದರೆ ಒತ್ತಡ ಸಾಕು. ನಿಮ್ಮದು ಕೊನೆಯ ಮಹಡಿಯೇ? ಹೌದಾದರೆ ಇದು ಮುಖ್ಯ. ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಮಾತ್ರ 1 ಬಾರ್ ಒತ್ತಡ ಸಿಗುತ್ತದೆ; ಟ್ಯಾಂಕ್ ತಲೆಯ ಮೇಲೆಯೇ ಎರಡು ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.2 ಬಾರ್. ಅಷ್ಟರಲ್ಲಿ ಎಷ್ಟೋ ಮೆಷಿನ್‌ಗಳು ಪುಡಿಯನ್ನು ಸರಿಯಾಗಿ ಕೊಚ್ಚಿಕೊಂಡು ಹೋಗಲಾರವು.

ಮೂರನೆಯದು, ಮುಂಭಾಗದ ಕೆಳಮೂಲೆಯಲ್ಲಿ ಪುಟ್ಟ ಬಾಗಿಲಿನ ಹಿಂದಿರುವ ಡ್ರೈನ್ ಫಿಲ್ಟರ್. ತೆರೆಯುವ ಮೊದಲು ಅಗಲವಾದ ತಟ್ಟೆ ಮತ್ತು ಹಳೆಯ ಬಟ್ಟೆ ಇಟ್ಟುಕೊಳ್ಳಿ, ಒಂದೆರಡು ಲೀಟರ್ ನೀರು ಬರುತ್ತದೆ. ಬಿಸಿನೀರಿನಲ್ಲಿ ಒಗೆದ ಕೂಡಲೇ ತೆರೆಯಬೇಡಿ. ನಾಣ್ಯ, ಹೇರ್‌ಪಿನ್, ರವಿಕೆಯ ಹುಕ್ಕು, ಕೂದಲಿನ ಉಂಡೆ, ಇವು ಸಿಕ್ಕಿಕೊಂಡಿದ್ದರೆ ಸೋಪು ನೀರು ಪೂರ್ತಿ ಹೊರಗೆ ಹೋಗದೆ ತಳದಲ್ಲಿ ಉಳಿದು, ಜಾಲಿಸಲು ಬಂದ ಹೊಸ ನೀರಿನೊಂದಿಗೆ ಬೆರೆಯುತ್ತದೆ. ನಾಲ್ಕನೆಯದು ಹೊರಹೋಗುವ ಪೈಪು. ಅದರ ಬಾಗಿದ ತುದಿ ನೆಲದಿಂದ ಎರಡಡಿಗಿಂತ ಮೇಲಿರಲಿ, ಮೂರಡಿ ದಾಟುವುದು ಬೇಡ, ಎಲ್ಲಿಯೂ ಮಡಚಿಕೊಂಡಿರಬಾರದು.

ಇವೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ನೀರಿನ ಮಟ್ಟ ಅಳೆಯುವ ಸಣ್ಣ ರಬ್ಬರ್ ನಳಿಕೆಯಲ್ಲಿ ಕೊಳೆ ಸೇರಿದೆಯೇ ಎಂದು ನೋಡಬೇಕಾಗುತ್ತದೆ. ಅದು ಕಟ್ಟಿಕೊಂಡರೆ ಅರ್ಧ ನೀರಿಗೇ ತುಂಬಿತೆಂದು ಮೆಷಿನ್ ತಿಳಿದುಕೊಳ್ಳುತ್ತದೆ. ಆ ಕೆಲಸಕ್ಕೆ ಹೊದಿಕೆ ಬಿಚ್ಚಬೇಕು, ನೀವು ಕೈಹಾಕುವುದು ಬೇಡ.

ಕಪ್ಪುಹಲಗೆ (ದಾವಣಗೆರೆ):

ನಾನು ನಿವೃತ್ತ ರಸಾಯನಶಾಸ್ತ್ರದ ಮೇಷ್ಟ್ರು. ಮೈಸೂರಿನವರು ಹೇಳಿದ ಪರೀಕ್ಷೆಗಳನ್ನು ಖಂಡಿತ ಮಾಡಿ. ಆದರೆ ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದ್ದಂತೆ ನನಗೆ ತೋರುತ್ತಿದೆ. ಬೇಳೆ ಎರಡು ಸೀಟಿಗೇ ಬೇಯುತ್ತಿದೆ ಎಂದು ಬರೆದಿದ್ದೀರಿ. ಬೇಳೆಯನ್ನು ಬೇಯಲು ಬಿಡದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೇ ಸೋಪನ್ನೂ ನೊರೆಗಟ್ಟಲು ಬಿಡುವುದಿಲ್ಲ. ಬೋರ್‌ವೆಲ್ ನೀರಿನ ಗಡಸುತನವನ್ನು ತಣಿಸುವುದಕ್ಕೇ ನಿಮ್ಮ ಪುಡಿಯ ದೊಡ್ಡ ಪಾಲು ಇಷ್ಟು ವರ್ಷ ಖರ್ಚಾಗುತ್ತಿತ್ತು, ಕೊಳೆ ತೆಗೆಯಲು ದಕ್ಕುತ್ತಿದ್ದದ್ದು ಉಳಿದ ಪಾಲು. ಆದ್ದರಿಂದಲೇ ಎರಡೂವರೆ ಅಳತೆ ಹಾಕುವುದು ಆಗ ತಪ್ಪಾಗಿರಲಿಲ್ಲ. ನೀರು ಮೆದುವಾದ ಮೇಲೆ ಆ ಖರ್ಚು ನಿಂತಿದೆ, ಪುಡಿ ಮಾತ್ರ ಅಷ್ಟೇ ಬೀಳುತ್ತಿದೆ. ನೀರು ಸುಧಾರಿಸಿದ್ದರಿಂದಲೇ ನೊರೆ ಹೆಚ್ಚಾಗಿದೆ.

ಎಕ್ಸ್‌ಟ್ರಾ ರಿನ್ಸ್ ಏಕೆ ಫಲಿಸಲಿಲ್ಲ ಎಂಬುದಕ್ಕೆ ಒಂದು ಚಿಕ್ಕ ಲೆಕ್ಕ ಮಾಡೋಣ. ಸುಲಭವಾಗಲೆಂದು 96 ಗ್ರಾಂ ಪುಡಿ ಹಾಕಿದಿರಿ, ಪ್ರತಿ ಸಲವೂ ಬಟ್ಟೆ ಹೀರಿದ್ದೂ ಸೇರಿ 20 ಲೀಟರ್ ನೀರು ತುಂಬುತ್ತದೆ ಎಂದಿಟ್ಟುಕೊಳ್ಳಿ. ಚೆನ್ನಾಗಿ ಹಿಂಡಿದಾಗ ಬಟ್ಟೆಯಲ್ಲಿ 5 ಲೀಟರ್ ಉಳಿಯುತ್ತದೆ, ಅಂದರೆ ಸೋಪಿನ ಕಾಲುಭಾಗ. ಒಗೆದು ಹಿಂಡಿದ ಮೇಲೆ 24 ಗ್ರಾಂ, ಮೊದಲ ಸಲ ಜಾಲಿಸಿ ಹಿಂಡಿದ ಮೇಲೆ 6, ಎರಡನೆಯ ಸಲಕ್ಕೆ 1.5 ಗ್ರಾಂ. ಈಗ ನೊರೆಯ ಕಾಟದಿಂದ ಹಿಂಡುವುದು ಸರಿಯಾಗದೆ 10 ಲೀಟರ್ ಉಳಿಯಿತು ಎನ್ನಿ. ಆಗ ಪ್ರತಿ ಸಲ ಉಳಿಯುವುದು ಅರ್ಧ: 48, 24, 12. ನೀವು ಮೂರನೆಯ ಸಲ ಜಾಲಿಸಿದರೂ 6 ಗ್ರಾಂ ಉಳಿಯುತ್ತದೆ. ಮೂರು ಸಲ ಜಾಲಿಸಿಯೂ, ಸರಿಯಾಗಿ ಹಿಂಡಿ ಎರಡೇ ಸಲ ಜಾಲಿಸಿದ್ದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಸೋಪು! ನಡುನಡುವೆ ಹಿಂಡದೆ ಎಷ್ಟು ನೀರು ಸುರಿದರೂ ಪ್ರಯೋಜನ ಅಲ್ಪ. ಕೆರೆಯ ಕಲ್ಲಿನ ಮೇಲೆ ಒಗೆಯುತ್ತಿದ್ದವರು ಒಂದೊಂದು ಸಲ ಜಾಲಿಸಿದಾಗಲೂ ಬಟ್ಟೆಯನ್ನು ಹಿಂಡಿಯೇ ಮತ್ತೆ ನೀರಿಗೆ ಹಾಕುತ್ತಿದ್ದದ್ದು ಇದೇ ಕಾರಣಕ್ಕೆ.

ನನ್ನ ಮಾತನ್ನು ನಂಬಬೇಕಾಗಿಲ್ಲ, ನೀವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ಬಾಟಲಿಗಳಲ್ಲಿ ಅರ್ಧದಷ್ಟು, ಒಂದಕ್ಕೆ ಬೋರ್‌ವೆಲ್ ನೀರು, ಇನ್ನೊಂದಕ್ಕೆ ಈಗಿನ ನಲ್ಲಿ ನೀರು ಹಾಕಿ. ಎರಡಕ್ಕೂ ಸ್ನಾನದ ಸೋಪಿನ ಕಡಲೆಕಾಳಿನಷ್ಟು ಚೂರನ್ನು ತುರಿದು ಹಾಕಿ, ಮುಚ್ಚಳ ಬಿಗಿದು, ಹತ್ತು ಸಲ ಕುಲುಕಿ, ಐದು ನಿಮಿಷ ಬಿಡಿ. ಬಟ್ಟೆಯ ಪುಡಿಯಲ್ಲಿ ಗಡಸುತನ ತಗ್ಗಿಸುವ ಸೋಡಾ ಮೊದಲಾದವು ಇರುವುದರಿಂದ ಈ ಪರೀಕ್ಷೆಗೆ ಅದು ಬೇಡ.

ಅಪಾರ್ಟ್‌ಮೆಂಟ್ ಸಂಘದ ಬಳಿ ಹಳೆಯ ನೀರಿನ ಪರೀಕ್ಷಾ ವರದಿ ಇದ್ದರೆ ಅದರಲ್ಲಿ ಒಟ್ಟು ಗಡಸುತನ ಎಂಬ ಸಾಲನ್ನು ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ರ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600 ರವರೆಗೆ ಅನುಮತಿ ಇದೆ.

ದೂರದ ಕನ್ನಡಿಗ (ಮ್ಯೂನಿಕ್):

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಇಲ್ಲಿ ಜರ್ಮನಿಯಲ್ಲಿ ಸೋಪಿನ ಪುಡಿಯ ಪ್ರತಿ ಪೆಟ್ಟಿಗೆಯ ಮೇಲೂ ನೀರಿನ ಗಡಸುತನಕ್ಕೆ ತಕ್ಕಂತೆ ಎಷ್ಟು ಹಾಕಬೇಕೆಂಬ ಕೋಷ್ಟಕ ಇರುತ್ತದೆ. 2007 ರ ಕಾನೂನಿನಂತೆ ನೀರನ್ನು ಮೆದು, ಮಧ್ಯಮ, ಗಡಸು ಎಂದು ಮೂರಾಗಿ ವಿಂಗಡಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಲೀಟರಿಗೆ 150 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಮೆದು, 250 ದಾಟಿದರೆ ಗಡಸು. ಮೆದು ನೀರಿಗೆ ಹೇಳುವ ಪ್ರಮಾಣ ಗಡಸು ನೀರಿನದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಮ್ಯೂನಿಕ್ಕಿನ ನೀರು ಗಡಸು. ನಾನು ಊರಿಗೆ ಬಂದಾಗ ಇಲ್ಲಿಯ ಅಭ್ಯಾಸದಂತೆಯೇ ತೀರ್ಥಹಳ್ಳಿಯ ನಮ್ಮ ಮನೆಯ ಮೆಷಿನ್‌ಗೆ ಪುಡಿ ಹಾಕಿ, ಅಮ್ಮ ಮೂರು ಸಲ ಜಾಲಿಸುವಂತೆ ಮಾಡಿದ್ದೆ. ನಮ್ಮಲ್ಲಿಯೂ ಪೊಟ್ಟಣದ ಮೇಲೆ ಇಂಥ ಕೋಷ್ಟಕ ಎದ್ದು ಕಾಣುವಂತೆ ಇರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಒಂದೇ ಊರಿನಲ್ಲಿ ಒಂದು ಬೀದಿಗೆ ನದಿ ನೀರು, ಪಕ್ಕದ ಬೀದಿಗೆ ಬೋರ್‌ವೆಲ್ ನೀರು ಬರುವ ನಾಡಿನಲ್ಲಿ ಅದರ ಅಗತ್ಯ ಇನ್ನೂ ಹೆಚ್ಚು.

ಹೊಂಗೆನೆರಳು (ಹತ್ತು ದಿನಗಳ ನಂತರ):

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಏನೇನು ಮಾಡಿದೆ ಎಂಬುದನ್ನು ಬೇರೆಯವರಿಗೂ ಅನುಕೂಲವಾಗಲೆಂದು ಬರೆಯುತ್ತಿದ್ದೇನೆ.

ಮೊದಲು ಬಾಟಲಿಗಳ ಪರೀಕ್ಷೆ. ನಮ್ಮ ಬೋರ್‌ವೆಲ್ ಈಗಲೂ ತೋಟಕ್ಕೆ ನಡೆಯುತ್ತಿರುವುದರಿಂದ ನೀರು ಸಿಕ್ಕಿತು. ಆ ಬಾಟಲಿಯಲ್ಲಿ ನೊರೆ ಬರಲೇ ಇಲ್ಲ; ಒಡೆದ ಹಾಲಿನಂತೆ ಬಿಳಿಯ ಚೂರುಗಳು ತೇಲಿ, ಗಾಜಿಗೆ ಅಂಟಿಕೊಂಡವು. ನಲ್ಲಿ ನೀರಿನ ಬಾಟಲಿಯಲ್ಲಿ ಕುತ್ತಿಗೆಯವರೆಗೆ ಎದ್ದ ನೊರೆ ಐದು ನಿಮಿಷವಲ್ಲ, ಕಾಲು ಗಂಟೆ ಕಳೆದರೂ ಇಳಿಯಲಿಲ್ಲ. ಮಗಳು ಎರಡೂ ಬಾಟಲಿಗಳನ್ನು ಶಾಲೆಗೆ ಒಯ್ದಿದ್ದಾಳೆ. ಸಂಘದ ಹಳೆಯ ವರದಿಯಲ್ಲಿ ಬೋರ್‌ವೆಲ್ ನೀರಿನ ಗಡಸುತನ 540 ಎಂದಿತ್ತು. ನನ್ನ ಎರಡೂವರೆ ಅಳತೆಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ 110 ಗ್ರಾಂ ಬಂತು. ಇಷ್ಟು ವರ್ಷ ಅದನ್ನು ತೂಗಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

ಡ್ರಾಯರಿನ ತಳದಲ್ಲಿ ಅರ್ಧ ಇಂಚು ದಪ್ಪ ಪುಡಿ ಕಲ್ಲಿನಂತೆ ಕೂತಿತ್ತು. ನೀರಿನ ಬಾಯಿಯ ಜಾಲರಿಯಲ್ಲಿ ಕೆಂಪು ಮಣ್ಣು ಮತ್ತು ನೀಲಿ ಪ್ಲಾಸ್ಟಿಕ್ಕಿನ ಸಣ್ಣ ಸುರುಳಿಗಳು ಸಿಕ್ಕವು, ಹೊಸ ಕೊಳವೆಯನ್ನು ಕೊರೆದಾಗ ಉಳಿದವಿರಬೇಕು. ಪೈಪ್ ಬಿಚ್ಚಿ ಅಳೆದಾಗ ನಿಮಿಷಕ್ಕೆ 11 ಲೀಟರ್ ಬಂತು. ನಮ್ಮದು ಎರಡನೆಯ ಮಹಡಿ, ಒತ್ತಡದ ಕೊರತೆ ಇಲ್ಲ. ಡ್ರೈನ್ ಫಿಲ್ಟರಿನಲ್ಲಿ ಒಂದು ಐದು ರೂಪಾಯಿ ನಾಣ್ಯ, ಎರಡು ಹೇರ್‌ಪಿನ್, ಒಂದು ಹಿಡಿ ಕೂದಲು.

ಆಮೇಲೆ ಬಟ್ಟೆಯಿಲ್ಲದೆ, ಪುಡಿಯಿಲ್ಲದೆ 60 ಡಿಗ್ರಿಯಲ್ಲಿ ಖಾಲಿ ಮೆಷಿನ್ ಓಡಿಸಿದೆ. ಒಂದು ಚಿಟಿಕೆ ಪುಡಿ ಹಾಕದಿದ್ದರೂ ಗಾಜಿನ ಅರ್ಧದವರೆಗೆ ನೊರೆ ಎದ್ದದ್ದನ್ನು ನೋಡಿ ನನಗೆ ನಂಬಲಾಗಲಿಲ್ಲ. ಮೂರನೆಯ ಸಲಕ್ಕೆ ನೀರು ತಿಳಿಯಾಯಿತು. ಟವೆಲುಗಳನ್ನೂ ಹಾಗೆಯೇ ಪುಡಿಯಿಲ್ಲದೆ ಎರಡು ಸಲ ಒಗೆದೆ. ಅವುಗಳ ಎಳೆಯೊಳಗೆ ಸೇರಿದ್ದ ಸೋಪೇ ಮೊದಲ ಸಲದ ಒಗೆತಕ್ಕೆ ಸಾಕಾಯಿತು.

ಈಗ ಒಂದೇ ಅಳತೆ, 44 ಗ್ರಾಂ, ಹಾಕುತ್ತಿದ್ದೇನೆ. ಸಮಯ 12 ನಿಮಿಷದಲ್ಲಿ ನಿಲ್ಲುತ್ತಿಲ್ಲ. ಬಟ್ಟೆ ಚೆನ್ನಾಗಿ ಹಿಂಡಿ ಬರುತ್ತಿದೆ, ಎಕ್ಸ್‌ಟ್ರಾ ರಿನ್ಸ್ ಇಲ್ಲದೆಯೇ ಬಕೆಟ್ಟಿನ ನೀರು ತಿಳಿಯಾಗಿದೆ. ಎರಡು ಸಂದೇಹಗಳು ಉಳಿದಿವೆ. ವಾರದಲ್ಲಿ ಒಂದೆರಡು ದಿನ ಕಾವೇರಿ ಬಾರದಿದ್ದಾಗ ಸಂಪಿಗೆ ಟ್ಯಾಂಕರ್ ನೀರು ಸೇರಿಸುತ್ತಾರೆ, ಆಗ ಎಷ್ಟು ಹಾಕಬೇಕು? ಹಳೆಯ ಸುಣ್ಣದ ಪದರಕ್ಕೆ ವಿನಿಗರ್ ಹಾಕಬಹುದೇ?

ಸ್ಪ್ಯಾನರ್ ಪೆಟ್ಟಿಗೆ:

ಬಹಳ ಸಂತೋಷವಾಯಿತು ಮೇಡಂ. ಟ್ಯಾಂಕರ್ ಬಂದ ದಿನ ಒಂದೂವರೆ ಅಳತೆಯಿಂದ ಶುರು ಮಾಡಿ, ಅದೂ ಕೊಳೆ ಹೋಗದಿದ್ದರೆ ಮಾತ್ರ ಹೆಚ್ಚಿಸಿ. ಒಗೆಯುವಾಗ ಗಾಜಿನಲ್ಲಿ ನೋಡಿ: ನೊರೆ ಕಾಲುಭಾಗ ದಾಟಬಾರದು. ದಾಟಿದರೆ ಮುಂದಿನ ಸಲ ಕಡಿಮೆ ಮಾಡಿ.

ವಿನಿಗರನ್ನು ಪದೇಪದೇ ಹಾಕುವುದು ಬಾಗಿಲಿನ ರಬ್ಬರಿಗೆ ಒಳ್ಳೆಯದಲ್ಲ ಎಂದು ನನ್ನ ಅನುಭವ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಸಿಟ್ರಿಕ್ ಆಮ್ಲ ಕೊಡುತ್ತಾರೆ. 100 ಗ್ರಾಂ ಅನ್ನು ಖಾಲಿ ಡ್ರಮ್ಮಿಗೆ ಹಾಕಿ 60 ಡಿಗ್ರಿಯಲ್ಲಿ ಓಡಿಸಿ, ನಂತರ ಬರೀ ನೀರಿನಲ್ಲಿ ಒಮ್ಮೆ ಜಾಲಿಸಿ. ಒಂದು ಮಾತನ್ನು ಮಾತ್ರ ಮರೆಯಬೇಡಿ: ಅದರ ಜೊತೆ, ಅಥವಾ ಅದೇ ದಿನ, ಬ್ಲೀಚ್ ಹಾಕಲೇಬಾರದು. ಆಮ್ಲ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಉಸಿರಿಗೆ ಅಪಾಯ.

ನೀರಿನ ಜಾಲರಿಯನ್ನು ಇನ್ನೊಂದು ತಿಂಗಳು ಬಿಟ್ಟು ಮತ್ತೆ ತೆಗೆದು ನೋಡಿ. ಹೊಸ ಕೊಳವೆಯ ಕಸ ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಹೊಂಗೆನೆರಳು:

ಹಾಗೆಯೇ ಮಾಡುತ್ತೇನೆ ಅಣ್ಣ. ನಮ್ಮ ಬ್ಲಾಕಿನಲ್ಲಿ ಇನ್ನೂ ಮೂರು ಮನೆಯವರು ಇದೇ ತೊಂದರೆ ಹೇಳುತ್ತಿದ್ದರು. ಅವರಲ್ಲೊಬ್ಬರು ಆಗಲೇ ಬೋರ್ಡ್ ಬದಲಿಸಿಯೂ ಆಗಿತ್ತು. ನಿನ್ನೆ ಸಂಜೆ ಮೂವರ ಮನೆಯ ಅಳತೆ ಚಮಚವನ್ನೂ ತೂಗಿ ಕೊಟ್ಟು ಬಂದೆ. ಮಗಳ ಕುತ್ತಿಗೆಯ ಕೆಂಪು ಇಳಿಯುತ್ತಿದೆ.